ಎಲೆಗಳಲ್ಲಿ ಗ್ರಹಗಳನ್ನು ಇಟ್ಟ ಅರಸು

ಕುರ್ಲಾ ಸ್ಟೇಷನ್ನಿನಲ್ಲಿ ಹಾರ್ಬರ್ ಲೈನಿನ ಗಾಡಿ ಹತ್ತುವವರಿಗೆಲ್ಲ ಗೊತ್ತಿರುವ ವಿಷಯ ಒಂದುಂಟು. ಡಬ್ಬಿಯ ಒಳಗೋಡೆಯ ಮೇಲೆ ಭವಿಷ್ಯ ಹೇಳುವವರ ಚೀಟಿಗಳು ಅಂಟಿರುತ್ತವೆ. ನೌಕರಿ, ಮದುವೆ, ಪರೀಕ್ಷೆ, ಶತ್ರುಬಾಧೆ, ಎಲ್ಲಕ್ಕೂ ಪರಿಹಾರ! ಈಚೆಗೆ ಆ ಚೀಟಿಗಳಲ್ಲಿ ಟ್ಯಾರೋ ಎಂಬ ಹೊಸ ಹೆಸರೂ ಸೇರಿಕೊಂಡಿದೆ. ನಾವು ಒಂದು ಎಲೆ ಎತ್ತಬೇಕು, ಜೊತೆಗೆ ಜನ್ಮರಾಶಿ ಹೇಳಬೇಕು. ಎರಡನ್ನೂ ಕೂಡಿಸಿ ನಮ್ಮ ಆತ್ಮೋನ್ನತಿಯ ದಾರಿ ತೋರಿಸುತ್ತಾರಂತೆ. ನನ್ನ ಗೆಳೆಯನೊಬ್ಬ ಹೀಗೆಯೇ ಎಲೆ ಎತ್ತಿದ. ಸಿಡಿಲು ಬಡಿದು ಉರುಳುತ್ತಿರುವ ಗೋಪುರದ ಚಿತ್ರ ಬಂತು. ಈ ವರ್ಷ ಅವನಿಗೆ ಒಳ್ಳೆಯದಲ್ಲ ಅಂತ ಹೇಳಿ ಕಳಿಸಿದರು. ಅವನು ಸಿ.ಎ. ಪರೀಕ್ಷೆಯ ಫಾರಂ ತುಂಬಲೇ ಇಲ್ಲ.

ಅವನನ್ನು ತಮಾಷೆ ಮಾಡುವುದಕ್ಕೆ ಈ ಲೇಖನ ಬರೆಯುತ್ತಿಲ್ಲ. ಫಲಿತಾಂಶದ ಹಿಂದಿನ ದಿನ ಪಂಚಾಂಗ ತಿರುವಿ ಹಾಕಿದವನು ನಾನೂ ಹೌದು. ಆದರೆ ಎಲೆ ಮತ್ತು ಗ್ರಹ ಎರಡನ್ನೂ ಒಂದೇ ಕಡೆ ತಂದ ಅರಸರೊಬ್ಬರು ನಮ್ಮ ಕನ್ನಡನಾಡಿನಲ್ಲೇ ಇದ್ದರು. ಅವರೇ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು. ಅವರ ಬದುಕನ್ನು ಓದಿದ ಮೇಲೆ ನನಗೆ ಈ ಎಲೆಗಳ ವಿಷಯ ಬೇರೆಯಾಗಿಯೇ ಕಾಣತೊಡಗಿತು. ಅದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು ಟ್ಯಾರೋ ಅಂದರೇನು ಅಂತ ಎರಡು ಮಾತು. ಅದು 78 ಎಲೆಗಳ ಒಂದು ಕಟ್ಟು. 15ನೇ ಶತಮಾನದಲ್ಲಿ ಇಟಲಿಯ ಮಿಲಾನ್, ಫೆರಾರಾ ಮುಂತಾದ ಊರುಗಳ ಅರಮನೆಗಳಲ್ಲಿ ಶ್ರೀಮಂತರು ಆಡುತ್ತಿದ್ದ ಬರೇ ಆಟ. ಮುನ್ನೂರು ವರ್ಷಗಳಷ್ಟು ಕಾಲ ಅದು ಹೆಚ್ಚಾಗಿ ಆಟವಾಗಿಯೇ ಉಳಿದಿತ್ತು. 1781ರಲ್ಲಿ ಫ್ರಾನ್ಸಿನ ಕೂರ್ ದ ಜೆಬಲ್ಯಾಂ ಎಂಬಾತ ಇದು ಪ್ರಾಚೀನ ಈಜಿಪ್ಟಿನ ಗುಪ್ತ ಜ್ಞಾನವೆಂದು ಬರೆದ. ಅದಕ್ಕೆ ಆಧಾರವೇನೂ ಇರಲಿಲ್ಲ. ಆದರೂ ಜನ ನಂಬಿದರು, ಎಲೆಗಳಿಂದ ಭವಿಷ್ಯ ಹೇಳುವುದು ಹಬ್ಬಿತು. ಮುಂದೆ 1888ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಗೋಲ್ಡನ್ ಡಾನ್ ಎಂಬ ಗುಪ್ತಸಂಘದವರು ಎಲೆಗಳನ್ನೂ ಜ್ಯೋತಿಷ್ಯವನ್ನೂ ಲೆಕ್ಕ ಹಾಕಿ ಹೊಂದಿಸಿದರು. 22 ಚಿತ್ರದ ಎಲೆಗಳಲ್ಲಿ 12 ರಾಶಿಗಳಿಗೆ, 7 ಗ್ರಹಗಳಿಗೆ, 3 ಭೂತತತ್ತ್ವಗಳಿಗೆ ಹಂಚಿದರು. ನನ್ನ ಗೆಳೆಯನಿಗೆ ಬಂದ ಗೋಪುರದ ಎಲೆ ಕುಜನ ಪಾಲಿಗೆ ಬಿತ್ತು. ಎರಡರಿಂದ ಹತ್ತರವರೆಗಿನ 36 ಅಂಕಿಯ ಎಲೆಗಳನ್ನು ರಾಶಿಚಕ್ರದ 36 ಭಾಗಗಳಿಗೆ ಕೊಟ್ಟರು. ಒಂದೊಂದು ಭಾಗ 10 ಡಿಗ್ರಿ, ರಾಶಿಗೆ ಮೂರು ಭಾಗ. ನಮ್ಮ ಜ್ಯೋತಿಷ್ಯದಲ್ಲಿ ಇದನ್ನೇ ದ್ರೇಕ್ಕಾಣ ಅನ್ನುತ್ತಾರೆ. 1909ರಲ್ಲಿ ಪಮೇಲಾ ಕೋಲ್ಮನ್ ಸ್ಮಿತ್ ಎಂಬಾಕೆ ಚಿತ್ರ ಬರೆದುಕೊಟ್ಟ ಕಟ್ಟು ಇವತ್ತು ಲೋಕವೆಲ್ಲ ಹಬ್ಬಿದೆ. ಹೀಗೆ ಆಟದ ಎಲೆ ದೈವವಾಣಿಯಾಯಿತು.

ಮೈಸೂರಿನಲ್ಲಿ ನಡೆದದ್ದು ಬೇರೆಯೇ ಕಥೆ.

ಮುಮ್ಮಡಿ ಕೃಷ್ಣರಾಜರು ಹುಟ್ಟಿದ್ದು 1794ರ ಜುಲೈ 14ರಂದು. ಹೆಸರಿಗೆ ಅರಸು ಮನೆತನ, ಅಧಿಕಾರವೆಲ್ಲ ಟಿಪ್ಪು ಸುಲ್ತಾನನ ಕೈಯಲ್ಲಿ. ಮಗುವಿಗೆ ಎರಡು ವರ್ಷವಾಗುವಾಗ ತಂದೆ ತೀರಿಕೊಂಡರು. ಬಡತನದಲ್ಲೇ ಬಾಲ್ಯ ಕಳೆಯಿತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಮಡಿದ. ಗೆದ್ದ ಇಂಗ್ಲಿಷರು ಈ ಐದು ವರ್ಷದ ಮಗುವನ್ನು ಹುಡುಕಿ ತಂದು ಜೂನ್ 30ರಂದು ಸಿಂಹಾಸನದ ಮೇಲೆ ಕೂರಿಸಿದರು. ಆ ಮಗು ಯಾವ ಎಲೆಯನ್ನೂ ಎತ್ತಿರಲಿಲ್ಲ, ಅಲ್ವೇ? ಎಲೆ ಹಂಚಿದವರು ಬೇರೆ, ಕೈಯಲ್ಲಿ ಹಿಡಿದು ಕೂತವರು ಬೇರೆ.

ಮುಂದಿನ ಹನ್ನೊಂದು ಹನ್ನೆರಡು ವರ್ಷ ದಿವಾನ್ ಪೂರ್ಣಯ್ಯನವರೇ ರಾಜ್ಯ ನಡೆಸಿದರು. ಬೊಕ್ಕಸ ತುಂಬಿಸಿದರು. 1811ರ ಹೊತ್ತಿಗೆ ಅಧಿಕಾರ ತರುಣ ಅರಸರ ಕೈಗೆ ಬಂತು. ಇಲ್ಲಿ ನಾವು ಪ್ರಾಮಾಣಿಕರಾಗಿರಬೇಕು. ಕಾಮರ್ಸ್ ಓದುವ ನನಗೆ ಜಮಾ ಬದಿಯಷ್ಟನ್ನೇ ಬರೆದು ಖರ್ಚಿನ ಬದಿ ಬಿಡುವುದಕ್ಕೆ ಮನಸ್ಸು ಒಪ್ಪುವುದಿಲ್ಲ. ಅರಸರ ಕೈ ಬಹಳ ಧಾರಾಳ. ದಾನ, ದೇವಸ್ಥಾನ, ಕಲಾವಿದರು ಅಂತ ಹಣ ಹರಿಯಿತು. ಸಾಲ ಬೆಳೆಯಿತು. ಕಂದಾಯ ವಸೂಲಿಯ ಅಧಿಕಾರಿಗಳು ರೈತರನ್ನು ಹಿಂಡಿದರು. 1830ರಲ್ಲಿ ನಗರ ಸೀಮೆಯ ರೈತರು ದಂಗೆ ಎದ್ದರು. ಅದನ್ನೇ ಕಾರಣ ಮಾಡಿಕೊಂಡು 1831ರಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಇಡೀ ರಾಜ್ಯದ ಆಡಳಿತವನ್ನೇ ಕಿತ್ತುಕೊಂಡ. ಅಷ್ಟು ದೊಡ್ಡ ಶಿಕ್ಷೆ ನ್ಯಾಯವೇ ಎಂಬ ಸಂಶಯ ಮುಂದೆ ಬೆಂಟಿಂಕನಿಗೇ ಬಂತು. ಆದರೆ ರಾಜ್ಯ ಹಿಂತಿರುಗಿ ಬರಲಿಲ್ಲ. ಅರಸರಿಗೆ ಆಗ ವಯಸ್ಸು 37. ವರ್ಷಕ್ಕೆ ಒಂದು ಲಕ್ಷ ವರಹ ಮತ್ತು ಆದಾಯದ ಐದನೇ ಒಂದು ಪಾಲು, ಒಂದು ಅರಮನೆ, ಒಂದು ಬಿರುದು, ಇಷ್ಟೇ ಉಳಿದದ್ದು. ರಾಜ್ಯವಿಲ್ಲದ ರಾಜ!

ಇನ್ನೂ 37 ವರ್ಷ ಅವರು ಬದುಕಿದರು. ಅಂದರೆ ಸರಿಯಾಗಿ ಅರ್ಧ ಆಯುಸ್ಸು. ಅಷ್ಟೂ ವರ್ಷ ಅವರು ಏನು ಮಾಡಿದರು?

ಮೊದಲನೆಯದಾಗಿ, ಸುಮ್ಮನೆ ಕೂರಲಿಲ್ಲ. ರಾಜ್ಯ ಹಿಂದಕ್ಕೆ ಕೊಡಿ ಎಂದು ಒಬ್ಬ ಗವರ್ನರ್ ಜನರಲ್ ಹೋಗಿ ಇನ್ನೊಬ್ಬ ಬಂದ ಹಾಗೆ ಮನವಿಯ ಮೇಲೆ ಮನವಿ ಬರೆದರು. ಪ್ರತಿ ಸಲವೂ ಇಲ್ಲ ಎಂಬ ಉತ್ತರವೇ ಬಂತು. ಎರಡನೆಯದಾಗಿ, 1833ರಲ್ಲಿ ಮೈಸೂರಿನಲ್ಲಿ ಉಚಿತ ಇಂಗ್ಲಿಷ್ ಶಾಲೆ ತೆರೆದರು. ಅದೇ ಮುಂದೆ ಬೆಳೆದು ಮಹಾರಾಜಾ ಕಾಲೇಜು ಆಯಿತು. ಆಸ್ಥಾನದಲ್ಲಿ ಕನ್ನಡ ಕವಿಗಳನ್ನು, ಪಂಡಿತರನ್ನು ಸಾಕಿದರು. ಕೆಂಪುನಾರಾಯಣನ ಮುದ್ರಾಮಂಜೂಷ 1823ರಲ್ಲಿ ಬಂದದ್ದು ಇವರ ಕಾಲದಲ್ಲೇ. ಚಾಮುಂಡಿ ಬೆಟ್ಟದ ದೇವಿಗೆ ಶ್ಲೋಕಗಳನ್ನು ಕೆತ್ತಿದ ನಕ್ಷತ್ರಮಾಲಿಕೆ ಎಂಬ ಚಿನ್ನದ ಆಭರಣ ಒಪ್ಪಿಸಿದರು. ಚದುರಂಗದ ಕುದುರೆ ಒಂದೇ ಮನೆಗೆ ಎರಡು ಸಲ ಕಾಲಿಡದೆ 64 ಮನೆಗಳನ್ನೂ ಸುತ್ತಿ ಬರುವ ಲೆಕ್ಕಗಳನ್ನು ಬಿಡಿಸುತ್ತಾ ಕೂತರು.

ಇವೆಲ್ಲಕ್ಕಿಂತ ದೊಡ್ಡದು ಶ್ರೀತತ್ತ್ವನಿಧಿ. ಅವರ ಹೆಸರಿನಲ್ಲಿ ಅರಮನೆಯ ಪಂಡಿತರೂ ಚಿತ್ರಗಾರರೂ ಸೇರಿ ಸಿದ್ಧಪಡಿಸಿದ ಬೃಹತ್ ಸಚಿತ್ರ ಗ್ರಂಥ. ಒಟ್ಟು ಒಂಬತ್ತು ನಿಧಿಗಳು: ಶಕ್ತಿ, ವಿಷ್ಣು, ಶಿವ, ಬ್ರಹ್ಮ, ಗ್ರಹ, ವೈಷ್ಣವ, ಶೈವ, ಆಗಮ, ಕೌತುಕ. ಒಂದೊಂದು ದೇವತೆಗೂ ಧ್ಯಾನಶ್ಲೋಕ, ಬಣ್ಣ, ವಾಹನ, ಆಯುಧ, ಮುದ್ರೆ, ಎಲ್ಲ ವಿವರ ಉಂಟು. ಇದರ ಮೊದಲ ಭಾಗಗಳನ್ನು ದೇವನಾಗರಿಯಲ್ಲಿ ಅಚ್ಚು ಹಾಕಿದ್ದು ನಮ್ಮ ಮುಂಬಯಿಯ ವೆಂಕಟೇಶ್ವರ ಪ್ರೆಸ್ಸು ಎಂದರೆ ನಮಗೆಲ್ಲ ಸಂತೋಷವಾಗಬೇಕು.

ಕೊನೆಯದಾದ ಕೌತುಕನಿಧಿಯಲ್ಲಿ ಆಟಗಳು ಬರುತ್ತವೆ. 122 ಯೋಗಾಸನಗಳ ಚಿತ್ರಗಳೂ ಅದರಲ್ಲೇ ಇವೆ. ಅಲ್ಲಿಯೇ ಬರುತ್ತವೆ ಅರಸರು ಹೊಸದಾಗಿ ಕಲ್ಪಿಸಿದ ಹದಿಮೂರು ಬಗೆಯ ಎಲೆಯಾಟಗಳು. ಅವುಗಳಿಗೆ ಛದ ಎಂದು ಹೆಸರು. ಛದ ಎಂದರೆ ಸಂಸ್ಕೃತದಲ್ಲಿ ಎಲೆ. ನಾವು ಇಸ್ಪೀಟಿಗೆ ಎಲೆ ಅನ್ನುವುದಿಲ್ಲವೇ, ಅದೇ ಮಾತು.

ಇಂಥ ಎಲೆಗಳ ಹಳೆಯ ಹೆಸರು ಗಂಜೀಫಾ. ಪರ್ಷಿಯಾದ ಕಡೆಯಿಂದ ಬಂದ ಆಟ. ದುಂಡಗಿನ ಎಲೆಗಳ ಮೇಲೆ ಕೈಯಿಂದ ಬರೆದ ಚಿತ್ರಗಳು. ಮೊಗಲರ ಕಟ್ಟಿನಲ್ಲಿ 96 ಎಲೆ. ನಮ್ಮವರು ಅದನ್ನು ತೆಗೆದುಕೊಂಡು ದಶಾವತಾರ ಮಾಡಿದರು. ಹತ್ತು ಅವತಾರ, ಒಂದೊಂದಕ್ಕೆ ಹನ್ನೆರಡು, ಒಟ್ಟು 120 ಎಲೆ. ಇಲ್ಲಿ ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್ಸಿನಿಂದ ಮಂಗಳೂರಿಗೆ ಹೋಗುವ ಗಾಡಿ ಕೊಂಕಣದ ಸಾವಂತವಾಡಿಯನ್ನು ಹಾದು ಹೋಗುತ್ತದೆ. ಆ ಸಾವಂತವಾಡಿಯಲ್ಲಿ ಇಂದೂ ದಶಾವತಾರದ ಎಲೆಗಳನ್ನು ಬರೆಯುವ ಚಿತ್ರಗಾರರಿದ್ದಾರೆ. ನವಗ್ರಹಗಳ 108 ಎಲೆ, ರಾಶಿಗಳ 144 ಎಲೆಯ ಕಟ್ಟುಗಳೂ ನಮ್ಮ ದೇಶದಲ್ಲಿ ಇದ್ದವು. ಒಂಬತ್ತು ಹನ್ನೆರಡಲಿ ನೂರೆಂಟು, ಹನ್ನೆರಡು ಹನ್ನೆರಡಲಿ ನೂರನಲವತ್ತನಾಲ್ಕು. ಲೆಕ್ಕ ಎಷ್ಟು ಚೊಕ್ಕ ನೋಡಿ!

ಮುಮ್ಮಡಿಯವರು ಇದನ್ನು ಇನ್ನೂ ಮುಂದಕ್ಕೆ ಒಯ್ದರು. ಅವರ ಚಾಮುಂಡೇಶ್ವರಿ ಛದದಲ್ಲಿ 16 ಜಾತಿ, ಒಟ್ಟು 320 ಎಲೆ. ನವಗ್ರಹ ಛದ, ದಿಕ್ಪಾಲ ಛದ, ಪಂಚಪಾಂಡವ ಛದ ಹೀಗೆ ಪಟ್ಟಿ ಸಾಗುತ್ತದೆ. ಕೆಲವು ಆಟಗಳಲ್ಲಿ 18 ಜಾತಿಗಳವರೆಗೆ ಉಂಟು. ಅಷ್ಟು ಎಲೆಗಳನ್ನು ನೆನಪಿಟ್ಟು ಆಡುವುದು ಸುಲಭವೇ? ಯಾವ ದೇವತೆಯ ಕೈಯಲ್ಲಿ ಯಾವ ಆಯುಧ, ಯಾವ ಗ್ರಹಕ್ಕೆ ಯಾವ ವಾಹನ ಅಂತ ಗೊತ್ತಿಲ್ಲದವನಿಗೆ ಎಲೆಯ ಗುರುತೇ ಹತ್ತುವುದಿಲ್ಲ. ಗ್ರಹನಿಧಿಯಲ್ಲಿ ಧ್ಯಾನಕ್ಕೆಂದು ವರ್ಣಿಸಿದ ಸೂರ್ಯಚಂದ್ರಾದಿಗಳೇ ಕೌತುಕನಿಧಿಯಲ್ಲಿ ಆಟಕ್ಕೆ ಬಂದು ನಿಲ್ಲುತ್ತಾರೆ.

ನನ್ನ ಮನಸ್ಸಿಗೆ ಹಿಡಿದ ವಿಷಯ ಇದೇ. ಗ್ರಹಗಳಿಗೆ ಒಂದು ನಿಧಿ, ಎಲೆಗಳಿಗೆ ಇನ್ನೊಂದು ನಿಧಿ. ಗ್ರಹವನ್ನು ಪೂಜಿಸುವುದು ಒಂದು, ಎಲೆಯನ್ನು ಆಡುವುದು ಇನ್ನೊಂದು. ಕೌತುಕನಿಧಿಯಲ್ಲಿ ಎಲೆ ಇರುವುದು ವಿನೋದಕ್ಕೆ, ಬುದ್ಧಿಗೆ. ಟ್ಯಾರೋದವರು ಆಟವನ್ನು ಭವಿಷ್ಯವಾಗಿ ಮಾಡಿದರು. ನಮ್ಮ ಅರಸರು ದೇವರನ್ನೇ ಆಟಕ್ಕೆ ಕರೆದರು. ಟ್ಯಾರೋದಲ್ಲಿ ಎಲೆ ನಮ್ಮ ಮೇಲೆ ತೀರ್ಪು ಹೇಳುತ್ತದೆ. ಛದದಲ್ಲಿ ಎಲೆ ನಮ್ಮ ಕೈಯಲ್ಲಿ ಇರುತ್ತದೆ, ಯಾವುದನ್ನು ಯಾವಾಗ ಇಳಿಸಬೇಕು ಅಂತ ನಾವು ಯೋಚಿಸಬೇಕು.

ಗಂಜೀಫಾದಲ್ಲಿ ಪ್ರತಿ ಜಾತಿಗೂ ಒಬ್ಬ ರಾಜ, ಒಬ್ಬ ಮಂತ್ರಿ ಇರುತ್ತಾರೆ. ಬಾಲ್ಯದಲ್ಲಿ ಮಂತ್ರಿಯ ಆಳ್ವಿಕೆ ಕಂಡು, ನಡುವಯಸ್ಸಿನಲ್ಲಿ ರಾಜ್ಯ ಕಳಕೊಂಡ ಆ ಅರಸರು ಎಲೆಯ ಮೇಲಿನ ರಾಜನನ್ನು ನೋಡುವಾಗ ಏನು ಅನ್ನಿಸಿರಬಹುದು? ನಾವು ಊಹಿಸಬಹುದು, ಅಷ್ಟೇ.

ಆಟದ ಹೊರಗೆ ಅವರ ಕೊನೆಯ ಪಂದ್ಯವೊಂದು ಉಳಿದಿತ್ತು. ಪಟ್ಟಕ್ಕೆ ಬರುವ ಮಗನಿಲ್ಲ. ಅರಸರು ತೀರಿಕೊಂಡರೆ ಮೈಸೂರನ್ನು ಪೂರ್ತಿ ನುಂಗುವುದಕ್ಕೆ ಇಂಗ್ಲಿಷರಿಗೆ ಅಡ್ಡಿಯೇ ಇರಲಿಲ್ಲ. 1865ರ ಜೂನ್‌ನಲ್ಲಿ, 70 ದಾಟಿದ ವಯಸ್ಸಿನಲ್ಲಿ, ಅವರು ಎರಡು ವರ್ಷದ ಮಗು ಚಾಮರಾಜೇಂದ್ರನನ್ನು ದತ್ತು ತೆಗೆದುಕೊಂಡರು. ಸರ್ಕಾರ ಮೊದಲು ಒಪ್ಪಲಿಲ್ಲ. ಅರಸರು ಬಿಡಲಿಲ್ಲ. 1867ರಲ್ಲಿ ಲಂಡನ್ನಿನ ಸರ್ಕಾರವೇ ಮಣಿಯಬೇಕಾಯಿತು. 1868ರ ಮಾರ್ಚ್ 27ರಂದು ಅರಸರು ತೀರಿಕೊಂಡರು. ಹದಿಮೂರು ವರ್ಷದ ನಂತರ, 1881ರ ಮಾರ್ಚ್ 25ರಂದು, ಮೈಸೂರು ರಾಜ್ಯ ಆ ದತ್ತುಮಗನ ಕೈಗೆ ಹಿಂತಿರುಗಿ ಬಂತು. ತಾವು ಕಣ್ಣಿಂದ ನೋಡಲಾಗದ ಗೆಲುವಿಗೆ ಎಲೆ ಇಳಿಸಿ ಹೋದವರು ಅವರು.

ಅವರ ಛದಗಳನ್ನು ಕಾಲ ಮರೆತೇ ಬಿಡುತ್ತಿತ್ತು. ಮುಂಬಯಿಯಲ್ಲಿ ಬಹುಕಾಲ ಇದ್ದ ಕಲಾವಿಮರ್ಶಕ ರುಡಾಲ್ಫ್ ಫಾನ್ ಲೈಡನ್ ಎಂಬ ಜರ್ಮನ್ ಮಹನೀಯರು ಅವುಗಳನ್ನು ಹುಡುಕಿ ಅಧ್ಯಯನ ಮಾಡಿ 1973ರಲ್ಲಿ ಪುಸ್ತಕ ಪ್ರಕಟಿಸಿದರು. ಮೈಸೂರು ಗಂಜೀಫಾ ಎಲೆಗಳಿಗೆ ಈಗ ಭೌಗೋಳಿಕ ಗುರುತಿನ ಮನ್ನಣೆಯೂ ಸಿಕ್ಕಿದೆ. ಮೈಸೂರಿಗೆ ಹೋದಾಗ ಜಗನ್ಮೋಹನ ಅರಮನೆ ನೋಡಲು ಮರೆಯಬೇಡಿ. ಅದು ಇವರು 1861ರಲ್ಲಿ ಕಟ್ಟಿಸಿದ್ದು.

ಆಧ್ಯಾತ್ಮಿಕ ಬೆಳವಣಿಗೆ ಅಂದರೆ ನಾಳೆ ಏನಾಗುತ್ತದೆ ಅಂತ ಮುಂಚೆಯೇ ತಿಳಿದುಕೊಳ್ಳುವುದೇ? ಮುಮ್ಮಡಿಯವರ ಬದುಕು ಹಾಗೆ ಹೇಳುವುದಿಲ್ಲ. ಅವರಿಗೆ ಜಾತಕ ಬರೆಯುವ ಪಂಡಿತರಿಗೆ ಕೊರತೆಯಿರಲಿಲ್ಲ, ಗ್ರಹಗಳ ಮೇಲೆ ಭಕ್ತಿಗೂ ಕೊರತೆಯಿರಲಿಲ್ಲ. ಹಾಗಿದ್ದರೂ ಅವರು ಮನವಿ ಬರೆಯುವುದನ್ನು ನಿಲ್ಲಿಸಲಿಲ್ಲ, ಶಾಲೆ ತೆರೆಯುವುದನ್ನು ಮುಂದಕ್ಕೆ ಹಾಕಲಿಲ್ಲ. ತಪ್ಪು ಮಾಡಿದರು, ದಂಡ ತೆತ್ತರು, ಆಮೇಲೂ ಎಲೆ ಕೆಳಗಿಟ್ಟು ಎದ್ದು ಹೋಗಲಿಲ್ಲ.

ನನ್ನ ಗೆಳೆಯನಿಗೆ ಈ ಕಥೆಯನ್ನು ಕುರ್ಲಾದಿಂದ ವಾಶಿಯವರೆಗೆ ಗಾಡಿಯಲ್ಲಿ ನಿಂತುಕೊಂಡೇ ಹೇಳಿದೆ. ಅವನು ಏನೂ ಮಾತಾಡಲಿಲ್ಲ. ಇಳಿಯುವಾಗ ಮಾತ್ರ ಮುಂದಿನ ಸಲದ ಫಾರಂ ಯಾವಾಗ ಬರುತ್ತದೆ ಅಂತ ಕೇಳಿದ. ನನಗೆ ಅಷ್ಟು ಸಾಕು.