ಕಾವಲಿಲ್ಲದ ಮಂದೆಗೆ ಕುರಿಗಾಹಿಯಾದ ಸಂತ ಜೋಸೆಫ್ ವಾಜ್

ಊರು ಬಿಟ್ಟು ಪರವೂರಿಗೆ ಬಂದ ನಮಗೆ ಮೊದಲ ದಿನಗಳ ಕಷ್ಟ ಏನೆಂಬುದು ಗೊತ್ತು. ಗುರುತಿನವರಿಲ್ಲ, ಭಾಷೆ ಬಾರದು. ಆದರೂ ಕೆಲಸ ಸಿಕ್ಕೀತೆಂಬ ಆಸೆಯಾದರೂ ನಮಗಿತ್ತು. ಯಾವ ಲಾಭದ ಆಸೆಯೂ ಇಲ್ಲದೆ, ಸಿಕ್ಕಿಬಿದ್ದರೆ ಸೆರೆಮನೆಯೇ ಗತಿ ಎಂದು ತಿಳಿದೂ ಸಮುದ್ರ ದಾಟಿದ ಒಬ್ಬರನ್ನು ನಮ್ಮ ಕರಾವಳಿಯ ಜನ ಇಂದಿಗೂ ನೆನೆಯುತ್ತಾರೆ. ಅವರೇ ಸಂತ ಜೋಸೆಫ್ ವಾಜ್.

ಅವರು ಹುಟ್ಟಿದ್ದು 1651ರ ಏಪ್ರಿಲ್ 21ರಂದು, ಗೋವಾದ ಬಾಣಾವಲಿಯಲ್ಲಿ. ಮನೆಮಾತು ಕೊಂಕಣಿ. 1676ರಲ್ಲಿ ಗುರುದೀಕ್ಷೆ ಪಡೆದು, 1681ರಲ್ಲಿ ಕೆನರಾಕ್ಕೆ ಬಂದರು. ಆಗ ಇಲ್ಲಿ ಕೆಳದಿಯ ರಾಣಿ ಚೆನ್ನಮ್ಮಾಜಿಯ ಆಳ್ವಿಕೆ. ಪೋರ್ಚುಗೀಸರ ಹಿಡಿತ ಸಡಿಲಗೊಂಡು ಇಲ್ಲಿನ ಕ್ರೈಸ್ತರಿಗೆ ಪಾದ್ರಿಗಳೇ ಸಾಲದಾಗಿದ್ದರು. ಅದರ ಮೇಲೆ ಗುರುಗಳಲ್ಲೇ ಅಧಿಕಾರದ ಜಗಳ. ಮೂರು ವರ್ಷ ವಾಜ್ ಅವರು ಬಸ್ರೂರು, ಕುಂದಾಪುರ, ಗಂಗೊಳ್ಳಿ, ಮಂಗಳೂರು ಕಡೆಗಳಲ್ಲಿ ಓಡಾಡಿ ಇಗರ್ಜಿಗಳನ್ನು ಎತ್ತಿ ನಿಲ್ಲಿಸಿದರು. ಮಂಗಳೂರಿನ ಸಮೀಪದ ಮುಡಿಪುವಿನ ಗುಡ್ಡದಲ್ಲಿ ಅವರ ಪ್ರಾರ್ಥನೆಯಿಂದ ನೀರಿನ ಒರತೆ ಚಿಮ್ಮಿತೆಂಬುದು ಜನರ ನಂಬಿಕೆ. ಇಂದು ಅದು ಯಾತ್ರಾಸ್ಥಳ.

ಆದರೆ ಅವರ ಮನಸ್ಸು ಸಿಂಹಳದ ಕಡೆಗಿತ್ತು. ಡಚ್ಚರು 1658ರಲ್ಲಿ ಜಾಫ್ನಾ ಹಿಡಿದ ಮೇಲೆ ಕಥೋಲಿಕ ಪೂಜೆಗೆ ನಿಷೇಧ ಬಿದ್ದಿತ್ತು. ಸುಮಾರು ಮೂವತ್ತು ವರ್ಷ ಅಲ್ಲಿನ ಜನ ಗುರುಗಳಿಲ್ಲದೆ, ಗುಟ್ಟಾಗಿ ಪ್ರಾರ್ಥಿಸುತ್ತ ದಿನ ನೂಕುತ್ತಿದ್ದರು. 1687ರಲ್ಲಿ ವಾಜ್ ಅವರು ಕೂಲಿಯವನ ವೇಷದಲ್ಲಿ, ಜಾನ್ ಎಂಬ ಸೇವಕನೊಂದಿಗೆ ಜಾಫ್ನಾ ತಲುಪಿದರು. ಇಳಿಯುತ್ತಲೇ ಭೇದಿಯಿಂದ ನರಳಿ, ಸೋಂಕಿನ ಭಯಕ್ಕೆ ಊರ ಹೊರಗೆ ಬೀಳಬೇಕಾಯಿತು. ಒಬ್ಬ ಹೆಂಗಸು ತಂದುಕೊಟ್ಟ ಗಂಜಿಯಿಂದ ಜೀವ ಉಳಿಯಿತೆಂದು ಅವರ ಚರಿತ್ರೆ ಹೇಳುತ್ತದೆ.

ಚೇತರಿಸಿಕೊಂಡ ಮೇಲೆ ಕೊರಳಿಗೆ ಜಪಸರ ಹಾಕಿಕೊಂಡು ಮನೆಮನೆಗೆ ಭಿಕ್ಷೆಗೆ ಹೊರಟರು. ಸರವನ್ನು ಕಂಡು ಯಾರ ಮುಖದಲ್ಲಿ ಗುರುತು ಮೂಡುವುದೋ ಅವರೇ ತನ್ನ ಮಂದೆಯವರು! ಹೀಗೆ ಒಬ್ಬೊಬ್ಬರನ್ನೇ ಹುಡುಕಿ, ರಾತ್ರಿ ಹೊತ್ತು ಕದ್ದುಮುಚ್ಚಿ ಪೂಜೆ ಅರ್ಪಿಸಿದರು. ಗೋವಾದಿಂದ ಬೇರೆ ಗುರುಗಳು ಬರುವವರೆಗೆ, ಸುಮಾರು ಒಂಬತ್ತು ವರ್ಷ ಆ ದ್ವೀಪಕ್ಕೆ ಅವರೊಬ್ಬರೇ ಆಸರೆ.

1692ರಲ್ಲಿ ಕ್ಯಾಂಡಿಗೆ ಹೋದಾಗ ಪೋರ್ಚುಗೀಸರ ಗೂಢಚಾರನೆಂಬ ಆರೋಪದ ಮೇಲೆ ಸೆರೆಗೆ ತಳ್ಳಲಾಯಿತು. ಅವರು ಧೈರ್ಯಗೆಡಲಿಲ್ಲ. ಸೆರೆಯಲ್ಲಿದ್ದುಕೊಂಡೇ ಸಿಂಹಳ ಭಾಷೆ ಕಲಿತರು, ಗುಡಿಸಲು ಕಟ್ಟಿ ಪೂಜೆ ನಡೆಸಿದರು. 1696ರ ಬರಗಾಲದಲ್ಲಿ ಅವರು ಪ್ರಾರ್ಥಿಸಿದಾಗ ಮಳೆ ಬಂತೆಂಬ ಪ್ರತೀತಿಯಿದೆ. ಬೌದ್ಧ ಅರಸ ಎರಡನೆಯ ವಿಮಲಧರ್ಮಸೂರ್ಯ ಅವರಿಗೆ ಧರ್ಮಕಾರ್ಯದ ಸ್ವಾತಂತ್ರ್ಯ ಕೊಟ್ಟನು.

ನಿಜವಾದ ಪರೀಕ್ಷೆ ಬಂದದ್ದು 1697ರಲ್ಲಿ. ಕ್ಯಾಂಡಿಯಲ್ಲಿ ಸಿಡುಬು ಹಬ್ಬಿತು. ಅರಸನೂ ಸಿರಿವಂತರೂ ಊರು ಬಿಟ್ಟರು. ಮನೆಯವರೇ ರೋಗಿಗಳನ್ನು ಕಾಡಿನಲ್ಲಿ ಬಿಟ್ಟು ಓಡಿದರು. ವಾಜ್ ಅವರು ಮಾತ್ರ ಅಲ್ಲೇ ಉಳಿದರು. ಜೊತೆಗೆ ಗೋವಾದಿಂದ ಬಂದಿದ್ದ ಅವರ ಬಂಧು ಫಾದರ್ ಕಾರ್ವಾಲೊ. ಜಾತಿ ಮತ ಕೇಳದೆ ರೋಗಿಗಳ ಹುಣ್ಣು ತೊಳೆದರು, ಗಂಜಿ ಕುಡಿಸಿದರು, ಸತ್ತವರಿಗೆ ಮಣ್ಣು ಕೊಟ್ಟರು. ದೇವರು ಕೈಬಿಟ್ಟನೆಂದು ಕೊರಗುತ್ತಿದ್ದವರಿಗೆ, ಹಾಸಿಗೆಯ ಬಳಿ ಕುಳಿತ ಈ ಬಡಕಲು ಪಾದ್ರಿಯೇ ಉತ್ತರವಾದರು.

ಮುಂದೆಯೂ ಬಿಡುವಿಲ್ಲದೆ ದುಡಿದು, 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ಕಣ್ಣು ಮುಚ್ಚಿದರು. ವಯಸ್ಸು ಇನ್ನೂ ಅರವತ್ತು ತುಂಬಿರಲಿಲ್ಲ. ಊರಿಗೆ ಮರಳಲೇ ಇಲ್ಲ. 1995ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಅವರನ್ನು ಪುನೀತರೆಂದೂ, 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸ್ ಸಂತರೆಂದೂ ಸಾರಿದರು. ಎರಡೂ ಸಮಾರಂಭ ನಡೆದದ್ದು ಕೊಲಂಬೊದಲ್ಲೇ.

ದೇವರು ದಾರಿ ತೋರಿಸುತ್ತಾನೆಂದು ನಂಬಿದವರು ವಾಜ್. ಆದರೆ ದಾರಿ ಕಾಣಲೆಂದು ಕಾಯುತ್ತ ಕೂರಲಿಲ್ಲ, ಮುಂದಿನ ಮನೆಯ ಬಾಗಿಲು ತಟ್ಟಿದರು. ನಮ್ಮ ಸಂಘದ ಬಂಧುಗಳಲ್ಲಿ ಯಾರಾದರೂ ಕಾಯಿಲೆ ಬಿದ್ದು ಒಂಟಿಯಾಗಿದ್ದರೆ, ಅವರ ಬಾಗಿಲನ್ನೊಮ್ಮೆ ತಟ್ಟಿ ಬರುವುದು ಈ ಸಂತನಿಗೆ ನಾವು ಸಲ್ಲಿಸಬಹುದಾದ ಗೌರವ.