ವಿಲಿಯಂ ಎಸ್. ಗ್ರೇ

ವಿಲಿಯಂ ಸ್ಕಾಟ್ ಗ್ರೇ (ಜೂನ್ 5, 1885 – ಸೆಪ್ಟೆಂಬರ್ 8, 1960) ಅಮೆರಿಕದ ಶಿಕ್ಷಣತಜ್ಞ ಹಾಗೂ ಓದುವಿಕೆಯ ಸಂಶೋಧಕ. ಮಕ್ಕಳು ಗಟ್ಟಿಯಾಗಿ ಓದುವಾಗ ಮಾಡುವ ತಪ್ಪುಗಳನ್ನು ದಾಖಲಿಸಿ, ಅದರ ಆಧಾರದ ಮೇಲೆ ಬೋಧನೆಯನ್ನು ರೂಪಿಸುವ ಕ್ರಮಕ್ಕೆ ತಳಹದಿ ಹಾಕಿದವರಲ್ಲಿ ಇವರು ಪ್ರಮುಖರು. 'ಡಿಕ್ ಅಂಡ್ ಜೇನ್' ಪಠ್ಯಮಾಲೆಯ ಸಹಲೇಖಕರಾಗಿಯೂ ಪ್ರಸಿದ್ಧರಾಗಿದ್ದಾರೆ.

ಆರಂಭಿಕ ಜೀವನ ಮತ್ತು ಶಿಕ್ಷಣ

ಗ್ರೇ ಇಲಿನಾಯ್ ರಾಜ್ಯದ ಕೋಟ್ಸ್‌ಬರ್ಗ್ ಎಂಬ ಸಣ್ಣ ಊರಿನಲ್ಲಿ ಜನಿಸಿದರು. ಪ್ರೌಢಶಾಲೆ ಮುಗಿಸಿದ ನಂತರ ಹಳ್ಳಿಯ ಏಕೋಪಾಧ್ಯಾಯ ಶಾಲೆಯೊಂದರಲ್ಲಿ ಶಿಕ್ಷಕರಾದರು. ಬಳಿಕ ಇಲಿನಾಯ್ ಸ್ಟೇಟ್ ನಾರ್ಮಲ್ ವಿಶ್ವವಿದ್ಯಾಲಯದಲ್ಲಿ ಶಿಕ್ಷಕ ತರಬೇತಿ ಪಡೆದು, 1913ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದಿಂದ ಪದವೀಧರರಾದರು. ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನಲ್ಲಿ ಎಡ್ವರ್ಡ್ ಥಾರ್ನ್‌ಡೈಕ್ ಅವರ ಬಳಿ ಅಧ್ಯಯನ ನಡೆಸಿ 1914ರಲ್ಲಿ ಸ್ನಾತಕೋತ್ತರ ಪದವಿಯನ್ನೂ, 1916ರಲ್ಲಿ ಷಿಕಾಗೊದಿಂದ ಡಾಕ್ಟರೇಟ್ ಪದವಿಯನ್ನೂ ಪಡೆದರು. ಅಲ್ಲಿಯೇ ಅಧ್ಯಾಪಕರಾಗಿ ಮುಂದುವರಿದು, 1917ರಿಂದ 1930ರವರೆಗೆ ಶಿಕ್ಷಣ ಕಾಲೇಜಿನ ಡೀನ್ ಆಗಿದ್ದರು. 1950ರಲ್ಲಿ ನಿವೃತ್ತರಾದರು.

ಓದಿನ ಪರೀಕ್ಷೆ

1915ರಲ್ಲಿ ಗ್ರೇ ಗಟ್ಟಿ ಓದಿನ ಪ್ರಮಾಣೀಕೃತ ಪರೀಕ್ಷೆಯನ್ನು ಪ್ರಕಟಿಸಿದರು. ಇದರಲ್ಲಿ ಸುಲಭದಿಂದ ಕಠಿಣದವರೆಗೆ ಕ್ರಮವಾಗಿ ಜೋಡಿಸಿದ 12 ಪರಿಚ್ಛೇದಗಳಿದ್ದವು. ಮಗುವು ಒಂದೊಂದನ್ನೇ ಗಟ್ಟಿಯಾಗಿ ಓದುತ್ತಿರುವಾಗ ಪರೀಕ್ಷಕರು ಓದಲು ಹಿಡಿದ ಸಮಯವನ್ನು ಗುರುತಿಸಿಕೊಳ್ಳುತ್ತಿದ್ದರು. ತಮ್ಮಲ್ಲಿರುವ ಪ್ರತಿಯಲ್ಲಿ ಪ್ರತಿ ತಪ್ಪಿಗೂ ನಿಗದಿತ ಚಿಹ್ನೆ ಹಾಕುತ್ತಿದ್ದರು. ತಪ್ಪಾಗಿ ಉಚ್ಚರಿಸಿದ ಪದದ ಕೆಳಗೆ ಗೆರೆ, ಬಿಟ್ಟುಹೋದ ಪದಕ್ಕೆ ವೃತ್ತ, ಮರಳಿ ಓದಿದ ಭಾಗಕ್ಕೆ ಅಲೆಗೆರೆ ಎಂಬುದು ಕ್ರಮ. ಒಂದು ಪದಕ್ಕೆ ಬದಲಾಗಿ ಇನ್ನೊಂದನ್ನು ಓದಿದರೆ ಅಥವಾ ಇಲ್ಲದ ಪದವನ್ನು ಸೇರಿಸಿದರೆ ಅದನ್ನೂ ಬರೆದುಕೊಳ್ಳಲಾಗುತ್ತಿತ್ತು.

ಈ ವಿಧಾನದಿಂದ ಅಂಕವಷ್ಟೇ ಅಲ್ಲದೆ ತಪ್ಪಿನ ಸ್ವರೂಪವೂ ತಿಳಿಯುತ್ತಿತ್ತು. ಒಂದೇ ಅಂಕ ಪಡೆದ ಇಬ್ಬರು ಮಕ್ಕಳಲ್ಲಿ ಒಬ್ಬನು ಪದಗಳನ್ನು ಹಾರಿಸಿ ವೇಗವಾಗಿ ಓದಿರಬಹುದು, ಇನ್ನೊಬ್ಬನು ಪ್ರತಿ ಪದದಲ್ಲೂ ತಡವರಿಸಿರಬಹುದು. ಇಬ್ಬರಿಗೂ ಬೇಕಾದ ಪಾಠ ಬೇರೆ. ಕ್ಲೀವ್‌ಲ್ಯಾಂಡ್ ನಗರದ ಶಾಲೆಗಳಲ್ಲಿ ಚಾರ್ಲ್ಸ್ ಜಡ್ ನಡೆಸಿದ ಸಮೀಕ್ಷೆಯಲ್ಲಿ ಗ್ರೇ ಅವರ ಪರೀಕ್ಷೆಗಳು ಬಳಕೆಯಾದವು. ಓದಿನಲ್ಲಿ ಹಿಂದುಳಿದ ಮಕ್ಕಳ ಸಮಸ್ಯೆಯ ನಿದಾನ ಮತ್ತು ಪರಿಹಾರ ಬೋಧನೆಯನ್ನು ಕುರಿತ ಅವರ ಗ್ರಂಥ 1922ರಲ್ಲಿ ಪ್ರಕಟವಾಯಿತು.

ಪಠ್ಯಪುಸ್ತಕಗಳು ಮತ್ತು ವಿವಾದ

1930ರಿಂದ ಗ್ರೇ ಸ್ಕಾಟ್ ಫೋರ್ಸ್‌ಮನ್ ಪ್ರಕಾಶನದ ವಾಚನಮಾಲೆಗೆ ಸಹಲೇಖಕರಾದರು. ಜರ್ನಾ ಶಾರ್ಪ್ ಅವರ ಕಲ್ಪನೆಯ ಡಿಕ್ ಮತ್ತು ಜೇನ್ ಪಾತ್ರಗಳಿದ್ದ ಈ ಪುಸ್ತಕಗಳು ಕೆಲವೇ ಪದಗಳನ್ನು ಮತ್ತೆ ಮತ್ತೆ ಬಳಸಿ, ಮಕ್ಕಳು ಮೊದಲು ಇಡೀ ಪದವನ್ನು ನೋಡಿ ಗುರುತಿಸುವಂತೆ ಮಾಡುತ್ತಿದ್ದವು. ಗ್ರೇ ಅಕ್ಷರ ಮತ್ತು ಧ್ವನಿಯ ಸಂಬಂಧವನ್ನು ಕಲಿಸುವುದನ್ನು ಕೈಬಿಟ್ಟಿರಲಿಲ್ಲ. ಆದರೆ ಸಂದರ್ಭ, ಪದದ ರೂಪ ಮತ್ತು ರಚನೆಗಳೊಂದಿಗೆ ಅದನ್ನೂ ಒಂದು ಸಾಧನವೆಂದಷ್ಟೇ ಪರಿಗಣಿಸಿದ್ದರು.

1955ರಲ್ಲಿ ರುಡಾಲ್ಫ್ ಫ್ಲೆಶ್ ಈ ಪದ್ಧತಿಯನ್ನು ತೀವ್ರವಾಗಿ ಟೀಕಿಸಿ, ಅಕ್ಷರಧ್ವನಿಗಳ ವ್ಯವಸ್ಥಿತ ಬೋಧನೆಯಿಲ್ಲದೆ ಮಕ್ಕಳು ಹಿಂದುಳಿಯುತ್ತಿದ್ದಾರೆಂದು ವಾದಿಸಿದರು. 1967ರಲ್ಲಿ ಜೀನ್ ಚಾಲ್ ಅವರ ಸಂಶೋಧನಾ ಸಮೀಕ್ಷೆಯೂ ಆರಂಭಿಕ ಹಂತದಲ್ಲಿ ಅಕ್ಷರಧ್ವನಿ ಬೋಧನೆಯ ಪರವಾಗಿತ್ತು. ಹೀಗಾಗಿ ಗ್ರೇ ಅವರ ಪಠ್ಯಮಾಲೆಯ ಪ್ರಭಾವ ಕುಗ್ಗಿದರೂ, ಅವರ ಪರೀಕ್ಷಾ ವಿಧಾನ ಉಳಿದುಕೊಂಡಿತು.

ಅಂತರರಾಷ್ಟ್ರೀಯ ಕಾರ್ಯ

ಯುನೆಸ್ಕೊಗಾಗಿ ಗ್ರೇ ಸಿದ್ಧಪಡಿಸಿದ, ಓದು ಬರಹ ಬೋಧನೆಯ ಜಾಗತಿಕ ಸಮೀಕ್ಷೆ 1956ರಲ್ಲಿ ಪ್ರಕಟವಾಯಿತು. ಹಿಂದಿ, ಉರ್ದು, ಚೀನಿ, ಅರಬ್ಬಿ ಸೇರಿದಂತೆ 14 ಭಾಷೆಗಳ ಓದುಗರ ಕಣ್ಣಿನ ಚಲನೆಯನ್ನು ಇದಕ್ಕಾಗಿ ಪರಿಶೀಲಿಸಲಾಗಿತ್ತು. ಲಿಪಿಗಳು ಬೇರೆಯಾದರೂ ಪಕ್ವ ಓದುಗರ ಓದುವ ಕ್ರಿಯೆ ಮೂಲತಃ ಒಂದೇ ಬಗೆಯದೆಂದು ಅವರು ತೀರ್ಮಾನಿಸಿದರು. ಅಂತರರಾಷ್ಟ್ರೀಯ ವಾಚನ ಸಂಘದ ಮೊದಲ ಅಧ್ಯಕ್ಷರೂ ಅವರೇ.

ನಿಧನ

ಗ್ರೇ 1960ರಲ್ಲಿ ವಯೋಮಿಂಗ್ ರಾಜ್ಯದಲ್ಲಿ ಕುದುರೆ ಸವಾರಿಯ ವೇಳೆ ಸಂಭವಿಸಿದ ಅಪಘಾತದಲ್ಲಿ ನಿಧನರಾದರು. ಅವರ ಪರೀಕ್ಷೆಯ ಪರಿಷ್ಕೃತ ಆವೃತ್ತಿ 1963ರಲ್ಲಿ ಹೊರಬಂದಿತು. ನಂತರವೂ ಹಲವು ಬಾರಿ ಪರಿಷ್ಕರಣೆಗೊಂಡ ಈ ಪರೀಕ್ಷೆ ಇಂದಿಗೂ ಗ್ರೇ ಅವರ ಹೆಸರಿನಲ್ಲೇ ಬಳಕೆಯಲ್ಲಿದೆ.