ಚೆಂಗೀಸ್ ಖಾನ್

ಚೀನಾ ದೇಶದ ಉತ್ತರಕ್ಕೆ ಮಂಗೋಲಿಯಾ ಎಂಬ ನಾಡಿದೆ. ಕಣ್ಣು ಹರಿಯುವಷ್ಟು ದೂರ ಹುಲ್ಲುಗಾವಲು ಹಬ್ಬಿರುವ ಸೀಮೆ ಅದು. ಎಂಟು ಶತಮಾನಗಳ ಹಿಂದೆ ಅಲ್ಲಿಯ ಜನರು ಕುರಿ, ಕುದುರೆಗಳನ್ನು ಮೇಯಿಸುತ್ತ, ಉಣ್ಣೆಯ ಕಂಬಳಿ ಹೊದಿಸಿದ ಗುಡಾರಗಳಲ್ಲಿ ವಾಸಿಸುತ್ತ, ಮೇವು ನೀರುಗಳಿದ್ದೆಡೆಗೆ ಅಲೆಯುತ್ತಿದ್ದರು. ಅವರು ಹಲವು ಕುಲಗಳಾಗಿ ಒಡೆದು, ಒಬ್ಬರ ಹಿಂಡನ್ನು ಮತ್ತೊಬ್ಬರು ಕೊಳ್ಳೆಹೊಡೆದು, ತಂದೆಯ ಹಗೆಯನ್ನು ಮಗನು ಹೊತ್ತು ಬಾಳುತ್ತಿದ್ದರು. ಇಂತಹ ಜನರನ್ನು ಒಂದುಗೂಡಿಸಿ ಜಗತ್ತನ್ನೇ ನಡುಗಿಸಿದವನು ಚೆಂಗೀಸ್ ಖಾನ್.

ಸುಮಾರು 1162ರಲ್ಲಿ ಓನಾನ್ ನದಿಯ ಬಳಿ ಜನಿಸಿದ ಇವನ ಮೊದಲ ಹೆಸರು ತೆಮುಜಿನ್. ತಂದೆ ಯೆಸುಗೈ ಒಂದು ಪಂಗಡದ ನಾಯಕನಾಗಿದ್ದನು. ಮಗನಿಗೆ ಒಂಬತ್ತು ವರ್ಷವಾಗಿದ್ದಾಗ ವೈರಿಗಳಾದ ತಾತಾರರು ಅವನಿಗೆ ವಿಷವಿಕ್ಕಿದರೆಂದು ಮಂಗೋಲರ ಪ್ರಾಚೀನ ಗ್ರಂಥವೊಂದು ತಿಳಿಸುತ್ತದೆ. ನಾಯಕನು ಸತ್ತೊಡನೆ ನೆಂಟರಿಷ್ಟರೆಲ್ಲರೂ ಆ ಕುಟುಂಬವನ್ನು ಕೈಬಿಟ್ಟು ಹೊರಟುಹೋದರು. ತಾಯಿ ಹೋಯಲೂನ್ ಧೃತಿಗೆಡಲಿಲ್ಲ. ಗೆಡ್ಡೆಗೆಣಸುಗಳನ್ನೂ ಕಾಡುಹಣ್ಣುಗಳನ್ನೂ ತಂದು ಮಕ್ಕಳನ್ನು ಸಾಕಿದಳು. ಕೆಲವು ವರ್ಷಗಳ ಬಳಿಕ ಅದೇ ಬಂಧುಗಳು ತೆಮುಜಿನ್‌ನನ್ನು ಸೆರೆಹಿಡಿದು ಕೊರಳಿಗೆ ಮರದ ಕೋಳ ತೊಡಿಸಿದರು. ಅವನು ತಪ್ಪಿಸಿಕೊಂಡು ಓಡಿದಾಗ, ಆ ಬಂಧುಗಳ ಆಳೊಬ್ಬನು ತನ್ನ ಪ್ರಾಣದ ಹಂಗು ತೊರೆದು, ಉಣ್ಣೆ ತುಂಬಿದ ಬಂಡಿಯಲ್ಲಿ ಅವನನ್ನು ಬಚ್ಚಿಟ್ಟು ಕಾಪಾಡಿದನು. ರಕ್ತಸಂಬಂಧಕ್ಕಿಂತ ನಿಷ್ಠೆಯೇ ದೊಡ್ಡದೆಂಬ ಪಾಠವನ್ನು ಬಾಲಕನು ಹೀಗೆ ಕಲಿತನು.

ಅವನ ಏಳಿಗೆಗೆ ಈ ಪಾಠವೇ ತಳಹದಿಯಾಯಿತು. ದೀರ್ಘಕಾಲದ ಹೋರಾಟದಲ್ಲಿ ಕುಲಗಳನ್ನೆಲ್ಲ ಗೆದ್ದ ಅವನನ್ನು 1206ರಲ್ಲಿ ಓನಾನ್ ತೀರದಲ್ಲಿ ಸೇರಿದ ಮಹಾಸಭೆಯು ಚೆಂಗೀಸ್ ಖಾನ್ ಎಂಬ ಬಿರುದಿನಿಂದ ಒಡೆಯನನ್ನಾಗಿ ಆರಿಸಿತು. ಸೈನ್ಯವನ್ನು ಅವನು ಹತ್ತು, ನೂರು, ಸಾವಿರ, ಹತ್ತು ಸಾವಿರ ಸವಾರರ ದಳಗಳಾಗಿ ವಿಂಗಡಿಸಿ, ಬೇರೆ ಬೇರೆ ಕುಲದವರನ್ನು ಒಂದೇ ದಳದಲ್ಲಿ ಬೆರೆಸಿದನು. ಅಧಿಕಾರವು ಮನೆತನಕ್ಕಲ್ಲದೆ ಯೋಗ್ಯತೆಗೆ ಸಲ್ಲತೊಡಗಿತು. ಒಮ್ಮೆ ಯುದ್ಧದಲ್ಲಿ ತನ್ನತ್ತ ಬಾಣ ಬಿಟ್ಟವನೊಬ್ಬನು ಸೆರೆಸಿಕ್ಕಾಗ ನಿಜವನ್ನು ನಿರ್ಭಯವಾಗಿ ಒಪ್ಪಿಕೊಂಡನು. ಅವನನ್ನು ಚೆಂಗೀಸನು ದಂಡಿಸದೆ ತನ್ನ ಬಳಿಯಲ್ಲಿರಿಸಿಕೊಂಡನು. ಅವನೇ ಮುಂದೆ ಹೆಸರಾಂತ ಸೇನಾನಿಯಾದ ಜೆಬೆ. ಲಿಪಿಯಿಲ್ಲದ ತನ್ನ ಜನರ ಭಾಷೆಗೆ ಚೆಂಗೀಸನು ಉಯಿಗುರ್ ಲಿಪಿಯನ್ನು ಅಳವಡಿಸಿದನು.

ಆದರೆ ಈ ಒಗ್ಗಟ್ಟಿನ ಬಲವು ನೆರೆಹೊರೆಯ ನಾಡುಗಳಿಗೆ ಮೃತ್ಯುವಾಗಿ ಪರಿಣಮಿಸಿತು. 1215ರಲ್ಲಿ ಇಂದಿನ ಬೀಜಿಂಗ್ ಇರುವೆಡೆಯಲ್ಲಿದ್ದ ರಾಜಧಾನಿಯು ಮಂಗೋಲರ ವಶವಾಯಿತು. 1218ರಲ್ಲಿ ಚೆಂಗೀಸನು ಕಳುಹಿದ ವರ್ತಕರನ್ನು ಮಧ್ಯ ಏಷ್ಯಾದ ಖ್ವಾರಜ್ಮ್ ರಾಜ್ಯದ ಅಧಿಕಾರಿಯೊಬ್ಬನು ಕೊಲ್ಲಿಸಿದನು. ಅದಕ್ಕೆ ತೀರಿಸಿದ ಸೇಡು ಭೀಕರವಾಗಿತ್ತು. 1220ರಲ್ಲಿ ಬುಖಾರಾ, ಸಮರ್‌ಕಂದ್ ನಗರಗಳು ಬಿದ್ದವು. ಮರುವರ್ಷ ಮರ್ವ್, ನಿಶಾಪುರಗಳಲ್ಲಿ ಅಸಂಖ್ಯ ಜನರು ಕತ್ತಿಗೆ ಬಲಿಯಾದರು. ಖ್ವಾರಜ್ಮಿನ ರಾಜಕುಮಾರ ಜಲಾಲುದ್ದೀನನನ್ನು ಅಟ್ಟಿಸಿಕೊಂಡು ಚೆಂಗೀಸನು ಸಿಂಧೂ ನದಿಯ ದಡದವರೆಗೂ ಬಂದನು. 1227ರಲ್ಲಿ, ಚೀನಾದ ವಾಯವ್ಯದಲ್ಲಿದ್ದ ಶೀಶ್ಯಾ ರಾಜ್ಯದ ಮೇಲಿನ ದಂಡಯಾತ್ರೆಯ ಕಾಲದಲ್ಲಿ ಅವನು ಮರಣಹೊಂದಿದನು. ಅವನ ಸಮಾಧಿಯ ನೆಲೆ ಇಂದಿಗೂ ಪತ್ತೆಯಾಗಿಲ್ಲ.

ಮಗ ಒಗೊದೈ, ಮೊಮ್ಮಗ ಕುಬ್ಲಾಯಿ ಮೊದಲಾದವರ ಕಾಲದಲ್ಲಿ ಸಾಮ್ರಾಜ್ಯವು ಚೀನಾದಿಂದ ರಷ್ಯಾದವರೆಗೆ ಹಬ್ಬಿತು. ಒಂದೇ ಭೂಭಾಗವಾಗಿ ಇಷ್ಟು ವಿಶಾಲವಾದ ರಾಜ್ಯವನ್ನು ಚರಿತ್ರೆಯು ಬೇರೆ ಕಂಡಿಲ್ಲ. ದಾರಿಯುದ್ದಕ್ಕೂ ಬದಲಿ ಕುದುರೆಗಳನ್ನಿರಿಸಿದ ಅಂಚೆಯ ಠಾಣ್ಯಗಳು ಏರ್ಪಟ್ಟವು. ಪೂರ್ವ ಪಶ್ಚಿಮಗಳ ನಡುವೆ ಸರಕುಗಳೊಂದಿಗೆ ವಿದ್ಯೆಗಳೂ ಸಂಚರಿಸಿದವು. ಇಟಲಿಯ ಮಾರ್ಕೊ ಪೋಲೊ ಕುಬ್ಲಾಯಿಯ ಆಸ್ಥಾನವನ್ನು ತಲುಪಿದ್ದು ಈ ದಾರಿಗಳಿಂದಲೇ. ಭಾರತದಲ್ಲಿ ಮೊಗಲ್ ಅರಸೊತ್ತಿಗೆಯನ್ನು ಸ್ಥಾಪಿಸಿದ ಬಾಬರನು ತಾಯಿಯ ಕಡೆಯಿಂದ ಚೆಂಗೀಸನ ವಂಶಜನು. ಸಾಮ್ರಾಜ್ಯವು ಕಾಲಕ್ರಮದಲ್ಲಿ ಒಡೆದು ಅಳಿಯಿತು.

ಮಂಗೋಲಿಯಾದ ಜನರಿಗೆ ಚೆಂಗೀಸನು ಇಂದಿಗೂ ರಾಷ್ಟ್ರಪಿತನು. ಅವನ ದಂಡು ತುಳಿದುಹೋದ ನಾಡುಗಳಲ್ಲಿ ಆ ಹೆಸರು ವಿನಾಶದ ನೆನಪನ್ನು ತರುತ್ತದೆ. ಈ ಎರಡು ನೆನಪುಗಳೂ ಸತ್ಯವೇ. ಒಡೆದ ಜನರನ್ನು ಕೂಡಿಸಿದ ಕೈಯೇ ಕೂಡಿ ಬಾಳುತ್ತಿದ್ದವರ ಊರುಗಳನ್ನು ಒಡೆಯಿತು. ಒಬ್ಬ ಅರಸನ ಹಿರಿಮೆಯನ್ನು ಅಳೆಯುವಾಗ ಅವನು ಗೆದ್ದ ನೆಲದ ವಿಸ್ತಾರದೊಡನೆ, ಆ ಗೆಲವಿಗೆ ಬೆಲೆತೆತ್ತವರನ್ನೂ ನಾವು ನೆನೆಯಬೇಕು.